ಮೂರು ವರ್ಷ ಇದ್ದು ಹೋಗುವವರು

ಓದುತ್ತಿದ್ದದ್ದು ಸಸ್ಯಶಾಸ್ತ್ರವಾದರೂ ಹಾಸ್ಟೆಲಿನಲ್ಲಿ ಅವಳಿಗೆ ಬಿದ್ದ ಹೆಸರು ಲಾಯರಮ್ಮ. ಎಲ್ಲಿ ಅನ್ಯಾಯ ಕಂಡರೂ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಗೇಟಿನ ಮುಂದಿನ ಚರಂಡಿಯ ಚಪ್ಪಡಿ ಕುಸಿದು, ರೂಂಮೇಟ್ ಅದರೊಳಗೆ ಬಿದ್ದು ಕಾಲು ಮುರಿದುಕೊಂಡಾಗ, ಎಲ್ಲರನ್ನೂ ಕಟ್ಟಿಕೊಂಡು ನಗರಸಭೆಗೆ ಹೋದವಳು ಅವಳೇ.

ಮೊದಲ ಸಲ ಇಡೀ ಹಾಸ್ಟೆಲೇ ಬಂದಿತ್ತು. ಘೋಷಣೆ ಕೂಗಿ ಕೂಗಿ ಗಂಟಲು ಕಟ್ಟಿತು. ಇಂಜಿನಿಯರು "ಮಾಡ್ಸೋಣ, ಮಾಡ್ಸೋಣ" ಎಂದು ಸಾಗಹಾಕಿದರು. ಅಷ್ಟರಲ್ಲಿ ಪರೀಕ್ಷೆ ಬಂತು, ಒಬ್ಬೊಬ್ಬರೇ ಜಾರಿಕೊಂಡರು. ಕೊನೆಗೆ ಚಪ್ಪಲಿ ಸವೆಸಲು ಉಳಿದವಳು ಇವಳೊಬ್ಬಳೇ. "ಊರ ಉಸಾಬರಿ ನಿನಗ್ಯಾಕೆ? ಓದೋದನ್ನ ಓದು" ಎಂದು ಅಮ್ಮ ಫೋನಿನಲ್ಲಿ ಗದರಿದಳು.

ಅವಳು ಹುಡುಕಿಕೊಂಡು ಹೋದಾಗ ವಾರ್ಡಿನ ಸದಸ್ಯರು ತಮ್ಮ ಮನೆಯ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು.

"ನೋಡಮ್ಮ, ನೀವು ಮೂರು ವರ್ಷ ಇದ್ದು ಹೋಗೋರು. ನಿಮ್ಮ ಓಟೂ ಇಲ್ಲಿಲ್ಲ. ಒಂದು ಕಲ್ಲಿಗೋಸ್ಕರ ಯಾಕಿಷ್ಟು ತಲೆ ಕೆಡಿಸ್ಕೊಳ್ತೀಯ?"

"ನಾವು ಹೋದ್ಮೇಲೆ ಬೇರೆಯವರು ಬರ್ತಾರಲ್ಲ ಸರ್. ಅವರಿಗೂ ಕಾಲಿರುತ್ತೆ."

ಅವರು ನಕ್ಕರು, ಅಷ್ಟೇ. ಮರುದಿನದಿಂದ ಅವಳು ಪುಸ್ತಕ ಹಿಡಿದು ಅದೇ ಜಗಲಿಯಲ್ಲಿ ಕೂತು ಓದತೊಡಗಿದಳು. ಒಳಗೆ ಹೊರಗೆ ಓಡಾಡುವಾಗಲೆಲ್ಲ ಅವಳನ್ನು ದಾಟಿ ದಾಟಿ ಸದಸ್ಯರ ಹೆಂಡತಿಗೆ ಸಾಕಾಯಿತು. "ಆ ಹುಡುಗಿ ಕೆಲಸ ಮಾಡ್ಕೊಟ್ಟು ಕಳಿಸ್ರೀ ಮೊದ್ಲು!" ಆ ವಾರವೇ ಹೊಸ ಚಪ್ಪಡಿ ಹಾಕಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳ ಒಂದು ಪೇಪರ್ ಮಾತ್ರ ಫೇಲಾಯಿತು.

ರಜೆ ಮುಗಿದು ಹಾಸ್ಟೆಲ್ ತುಂಬಿದ ಮೇಲೆ, ನೀರಿನ ಟ್ಯಾಂಕರ್ ಹತ್ತಿ ಪಕ್ಕದ ಚಪ್ಪಡಿ ಸೀಳಿಹೋಯಿತು. ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಅವಳ ಬಾಗಿಲು ಬಡಿದರು.

"ಅಕ್ಕಾ, ನಿಮ್ಮ ಚಪ್ಪಡಿ ಪಕ್ಕದ್ದು ಒಡೆದುಹೋಗಿದೆ."

"ನನ್ನ ಚಪ್ಪಡಿಯಾ? ಊರಿಂದ ತಂದಿದ್ನಾ ನಾನದನ್ನ?"

ರೇಗಿದಳೇ ಹೊರತು ಎದ್ದು ಕೂರುವ ಶಕ್ತಿಯೂ ಅವಳಲ್ಲಿರಲಿಲ್ಲ. ಅಷ್ಟು ದಿನದ ಅಲೆದಾಟ, ಫೇಲಾದ ಪೇಪರು ಎಲ್ಲ ಸೇರಿ ಮೈ, ಮನಸ್ಸು ಎರಡೂ ಹಿಂಡಿದ ಬಟ್ಟೆಯಂತಾಗಿದ್ದವು. ಹುಡುಗಿಯರು ಮುಖ ಮುಖ ನೋಡಿಕೊಂಡರು.

"ಯಾರನ್ನ ನೋಡ್ಬೇಕು ಅಂತ ಹೇಳಿ ಸಾಕು ಅಕ್ಕ, ನಾವೇ ಹೋಗ್ತೀವಿ."

ಅವಳು ಸದಸ್ಯರ ಮನೆಯ ವಿಳಾಸ ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು. ಮೆಟ್ಟಿಲಿಳಿಯುತ್ತ ಅವರು, ಮೊದಲು ಯಾರು ಮಾತಾಡುವುದು ಎಂದು ಪಿಸುಗುಟ್ಟಿ ಜಗಳವಾಡುವುದು ಕೇಳಿಸಿತು. ಇಬ್ಬರಿಗೂ ಹೆದರಿಕೆ. ಅವಳಿಗೆ ನಿದ್ದೆ ಹತ್ತಲಿಲ್ಲ. ಹಾಳಾಗಿ ಹೋಗಲಿ ಎಂದು ಗೊಣಗುತ್ತ ಎದ್ದು, ಮುಖಕ್ಕೆ ನೀರು ಎರಚಿಕೊಂಡು, ಕಿಟಕಿಯಿಂದ ಕೂಗಿದಳು: "ನಿಲ್ರೇ, ಬಂದೆ."