ಲಕ್ಷ್ಮಿದೇವಿ ಯಾರಿಗೆ ಉತ್ತರಿಸುತ್ತಾಳೆ

ಕೊಟ್ಟೂರಿನ ಅಮೃತಾ ೨೦೦೭ರಲ್ಲಿ ಎಂಸಿಎ ಕೊನೆಯ ವರ್ಷದಲ್ಲಿದ್ದಳು. ಹಡಗಲಿಯ ಹಾಸ್ಟೆಲ್ಲಿನಲ್ಲಿ ಮೂರು ವರ್ಷ ಅವಳ ಜೊತೆ ಒಂದೇ ಕೋಣೆಯಲ್ಲಿದ್ದ ಲಕ್ಷ್ಮಿದೇವಿ ಈಗ ತನ್ನೂರು ಹರಪನಹಳ್ಳಿಯಲ್ಲಿ ಟೀಚರು. ಅಪರೂಪಕ್ಕೊಂದು ಫೋನ್ ಬಿಟ್ಟರೆ ಇಬ್ಬರ ನಡುವೆ ಉಳಿದಿದ್ದದ್ದು ಆರ್ಕುಟ್ ಎಂಬ ಜಾಲತಾಣ ಒಂದೇ. ಅಲ್ಲಿ ಒಬ್ಬರ ಪುಟದಲ್ಲಿ ಇನ್ನೊಬ್ಬರು ಬರೆಯುವ ಸ್ಕ್ರ್ಯಾಪು ಎಂಬ ಚುಟುಕು ಸಂದೇಶ ಎಲ್ಲರಿಗೂ ಕಾಣುತ್ತಿತ್ತು. ಹಾಸ್ಟೆಲ್ಲಿಗೆ ಕೊನೆಯ ವರ್ಷವಷ್ಟೇ ಬಂದಿದ್ದ ಭಾಗ್ಯ ಏನಾದರೂ ಬರೆದರೆ ಲಕ್ಷ್ಮಿದೇವಿ ಅವಳ ಪುಟಕ್ಕೆ ಹೋಗಿ ಉದ್ದುದ್ದ ಉತ್ತರ ಕೊಡುತ್ತಿದ್ದಳು. ಅಮೃತಾ ಬರೆದದ್ದು ವಾರಗಟ್ಟಲೆ ಹಾಗೇ ಬಿದ್ದಿರುತ್ತಿತ್ತು. ಸೈಬರ್ ಕೆಫೆಗೆ ಹೋದರೆ ಅವಳು ಮೊದಲು ತೆರೆಯುತ್ತಿದ್ದದ್ದು ಭಾಗ್ಯಳ ಪುಟವನ್ನೇ. ನೋಡಿದಷ್ಟೂ ಹೊಟ್ಟೆ ಉರಿಯುತ್ತಿತ್ತು.

ಕೊನೆಗೆ ಅದನ್ನೇ ಪ್ರಾಜೆಕ್ಟ್ ಮಾಡಿಕೊಂಡಳು: ಯಾವ ಸ್ಕ್ರ್ಯಾಪಿಗೆ ಉತ್ತರ ಬರುತ್ತದೆಂದು ಕಂಪ್ಯೂಟರು ಮೊದಲೇ ಹೇಳಬೇಕು. ಲಕ್ಷ್ಮಿದೇವಿ ಫೋನಿನಲ್ಲಿ ನಕ್ಕು, ತನ್ನ ಪುಟ ಬಳಸಿಕೊಳ್ಳಲು ಒಪ್ಪಿದಳು.

ಪ್ರಾಜೆಕ್ಟಿನ ಗೈಡ್ ಯರ್ರಿಸ್ವಾಮಿ ಮೇಷ್ಟ್ರು ಎಚ್ಚರಿಸಿದರು: “ಬರ್ತೈತಿ, ಬರಂಗಿಲ್ಲ ಅಂತ ಹೇಳಿದ್ರ ಸಾಲದವ್ವಾ. ಯಾಕಂತನೂ ಹೇಳಬೇಕು. ಯಾರು ಓದಿದ್ರೂ ತಿಳಿಯೋವಂಥ ನಿಯಮ ತೆಗಿ.”

ಯಾಕೆಂಬುದು ಅಮೃತಾಗೆ ಆಗಲೇ ಗೊತ್ತಿತ್ತು. ಆರುನೂರು ಸ್ಕ್ರ್ಯಾಪುಗಳನ್ನು ಕೂತು ಪಟ್ಟಿ ಮಾಡಿದಳು. ಬರೆದ ದಿನ, ಉದ್ದ, ಅದರಲ್ಲಿ ಪ್ರಶ್ನೆ ಇದೆಯೇ, ಬರೆದವರು ಯಾರು, ಉತ್ತರ ಬಂತೇ. ಮೊದಲ ನಿಯಮದಲ್ಲೇ ಭಾಗ್ಯಳ ಹೆಸರು ಬರುತ್ತದೆ, ಅದನ್ನು ಪ್ರಿಂಟ್ ತೆಗೆದು ಲಕ್ಷ್ಮಿದೇವಿಯ ಮುಖಕ್ಕೆ ಹಿಡಿಯಬೇಕು ಎಂದುಕೊಂಡಳು.

ಪಟ್ಟಿಯನ್ನು ಪ್ರೋಗ್ರಾಮಿಗೆ ಕೊಟ್ಟು ಓಡಿಸಿದಾಗ ಪರದೆಯ ಮೇಲೆ ಕವಲು ಕವಲಾಗಿ ಮೂಡಿದ ಚಿತ್ರದಲ್ಲಿ ಮೊದಲ ನಿಯಮ, ಪ್ರಶ್ನೆ ಇದ್ದರೆ ಉತ್ತರ ಬರುತ್ತದೆ. ಆಮೇಲಿನದು, ಭಾನುವಾರ ಬರೆದದ್ದಾದರೆ ಬರುವ ಸಾಧ್ಯತೆ ಹೆಚ್ಚು. ಭಾಗ್ಯಳ ಹೆಸರು ಎಲ್ಲೂ ಇರಲಿಲ್ಲ.

ಅಮೃತಾ ಪ್ರಶ್ನೆಯ ಕಾಲಮ್ಮನ್ನೇ ಅಳಿಸಿ ಮತ್ತೆ ಓಡಿಸಿದಳು. ಈಗ ಭಾಗ್ಯ ಎಲ್ಲಕ್ಕಿಂತ ಮೇಲೆ ಬಂದಳು. ಖುಷಿಯಿಂದ ಪ್ರಿಂಟ್ ಒಯ್ದು ಮೇಷ್ಟ್ರಿಗೆ ತೋರಿಸಿದಳು.

“ಕಂಪ್ಯೂಟರು ಹೇಳಿದ್ರಾಗ ತಪ್ಪು ಜಾಸ್ತಿ ಆಗ್ಯಾವಲ್ಲ. ಪ್ರಶ್ನೆ ಕಾಲಮ್ ಎಲ್ಲಿ ಹೋತು?” ಎಂದರು ಮೇಷ್ಟ್ರು.

ಅಮೃತಾ ಪ್ರಿಂಟನ್ನು ಮಡಚಿ ಹಿಂದಕ್ಕೆ ತೆಗೆದುಕೊಂಡಳು. ಲ್ಯಾಬಿಗೆ ಮರಳಿ ತನ್ನ ಸ್ಕ್ರ್ಯಾಪುಗಳನ್ನು ಓದಿದಳು. ನಲವತ್ತೊಂದರಲ್ಲಿ ಪ್ರಶ್ನೆ ಇದ್ದದ್ದು ಒಂದೇ ಒಂದರಲ್ಲಿ: ‘ನನ್ನ ಹೊಸ ಫೋಟೊ ಹೆಂಗೈತಿ?’ ಅದಕ್ಕೆ ಉತ್ತರ ಬಂದಿತ್ತು. ಉಳಿದವೆಲ್ಲ ತನ್ನ ಮಾರ್ಕ್ಸು, ತನ್ನ ಮೊಬೈಲು, ತನ್ನ ತಲೆನೋವು. ಭಾಗ್ಯಳವು ಹೆಚ್ಚುಕಡಿಮೆ ಎಲ್ಲವೂ ಪ್ರಶ್ನೆಗಳೇ.

ಆದರೂ ಸಮಾಧಾನವಾಗದೆ ಭಾನುವಾರ ಹರಪನಹಳ್ಳಿಯ ಬಸ್ಸು ಹತ್ತಿದಳು.

“ಲೇ ಲಚ್ಚಿ, ನನಗ್ಯಾಕ ಉತ್ತರ ಬರಿಯಂಗಿಲ್ಲ ನೀನು?”

“ನೀನೇನ್ ಕೇಳಿದ್ದೆ, ನಾನು ಹೇಳಾಕೆ?” ಎಂದಳು ಲಕ್ಷ್ಮಿದೇವಿ. “ನಮ್ಮಪ್ಪಂಗೆ ಆಪರೇಷನ್ ಆಗಿ ಎರಡು ತಿಂಗಳಾತು. ಭಾಗ್ಯ ಕೇಳಿದ್ಲು, ಅವಳ ಪುಟದಾಗೆ ಬರೆದೆ.”

ಆ ಉತ್ತರವನ್ನು ಅಮೃತಾ ನೋಡಿದ್ದಳು. ಎಷ್ಟು ಸಾಲಿದೆ ಎಂದು ಎಣಿಸಿಯೂ ಇದ್ದಳು. ಆಪರೇಷನ್ ಎಂಬ ಮಾತು ಮಾತ್ರ ತಲೆಗೆ ಹೋಗಿರಲಿಲ್ಲ.

ಒಳಗೆ ಹೋಗಿ ಲಕ್ಷ್ಮಿದೇವಿಯ ತಂದೆ ಬೊಮ್ಮಪ್ಪನನ್ನು, “ಈಗ ಹೆಂಗದೀರಿ ಕಾಕಾ?” ಎಂದು ಕೇಳಿದಳು. ಅವರು ಮೊದಲ ಹೊಟ್ಟೆನೋವಿನಿಂದ ಹಿಡಿದು ಹೊಲಿಗೆ ಬಿಚ್ಚಿದ ದಿನದವರೆಗೆ ಒಂದನ್ನೂ ಬಿಡದೆ ಹೇಳಿದರು.

ಹೊರಡುವಾಗ ಲಕ್ಷ್ಮಿದೇವಿ ಅಂದಳು, “ಬರೋ ಭಾನುವಾರನೂ ಬಾರೇ. ಭಾಗ್ಯನೂ ಬರ್ತಾಳೆ.”

“ನೋಡ್ತೀನಿ,” ಎಂದಳು ಅಮೃತಾ.

ಹೋದಳು. ಭಾಗ್ಯ ಆಗಲೇ ಬಂದು, ಬೊಮ್ಮಪ್ಪನ ಮಂಚದ ಪಕ್ಕ ಕೂತು ಮೂಸಂಬಿ ಸುಲಿಯುತ್ತಿದ್ದಳು. ಅಮೃತಾ ಒಮ್ಮೆ ಬಸ್ ಸ್ಟ್ಯಾಂಡಿನ ದಾರಿಯ ಕಡೆ ತಿರುಗಿ ನೋಡಿದಳು. ಚಪ್ಪಲಿ ಬಿಟ್ಟು ಒಳಗೆ ಬಂದು, ಭಾಗ್ಯಳ ಎದುರಿಗೇ ಕೂತಳು.