ನಲವತ್ತಮೂರನೇ ಸಾಲಿನ ಭತ್ತ

ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಉಪ್ಪಕ್ಕ ಎಂದೇ ಕರೆಯುತ್ತಿದ್ದರು. ಗ್ರೀನ್‌ಹೌಸಿನ ತೊಟ್ಟಿಗಳ ನೀರಿಗೆ ಉಪ್ಪು ಬೆರೆಸಿ, ಯಾವ ಭತ್ತದ ಸಸಿ ಒಣಗಿತು, ಯಾವುದು ಉಳಿಯಿತು ಎಂದು ಬರೆದಿಡುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದಳು. "ಮನೆ ಅಡುಗೆಗೆ ಉಪ್ಪು ಮರೀತಾಳೆ, ಅಲ್ಲಿ ಮಾತ್ರ ಗ್ರಾಂ ತಪ್ಪಲ್ಲ" ಎಂದು ಬಸ್ ಓಡಿಸುವ ಅವಳ ಗಂಡ ಬಂದವರೆದುರೆಲ್ಲ ಹೇಳಿ ನಗುತ್ತಿದ್ದ.

ಆ ವರ್ಷ ಹೊಸ ವಿಜ್ಞಾನಿ ಬಂದಳು. ಉಪ್ಪಕ್ಕನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು, ಅಷ್ಟೇ. ಎಲ್ಲರ ಬಾಯಲ್ಲೂ ಡಾಕ್ಟರಮ್ಮ. ಮೊದಲ ದಿನವೇ ಉಪ್ಪಕ್ಕನ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತಳು.

"ಅಕ್ಕಾ, ಭತ್ತದಲ್ಲಿ ಒಂದು ಜೀನ್ ಇದೆ. ಬೇರಿಂದ ಮೇಲೆ ಹತ್ತೋ ನೀರಲ್ಲಿ ಸೋಡಿಯಂ ಇದ್ರೆ, ಅದನ್ನ ದಾರಿಯಲ್ಲೇ ಹಿಡಿದು ವಾಪಸ್ ಎಳ್ಕೊಳ್ಳೋ ಪ್ರೋಟೀನ್ ಅದರಿಂದ ತಯಾರಾಗುತ್ತೆ. ಎಲ್ಲಾ ತಳಿಯಲ್ಲೂ ಆ ಜೀನ್ ಇರುತ್ತೆ, ಆದ್ರೆ ಕೆಲವದರಲ್ಲಿ ಮಾತ್ರ ಚುರುಕಾಗಿರುತ್ತೆ. ಅಂಥ ಗಿಡದ ಎಲೆಗೆ ಉಪ್ಪು ಹೆಚ್ಚು ಹೋಗಲ್ಲ."

"ಅಂದ್ರೆ ನಮ್ಮತ್ತೆ ಇದ್ದ ಹಾಗೆ," ಎಂದಳು ಉಪ್ಪಕ್ಕ. "ಬೇಡದವರನ್ನ ಹೊಸ್ತಿಲು ದಾಟೋಕೇ ಬಿಡ್ತಿರಲಿಲ್ಲ."

ಇಬ್ಬರೂ ನಕ್ಕರು. ಅಲ್ಲಿಂದ ಹೊಂದಾಣಿಕೆ ಚೆನ್ನಾಗಿಯೇ ಬಂತು.

ಆ ಸಲ ಅರವತ್ತು ಹಳೆಯ ತಳಿಗಳ ಪರೀಕ್ಷೆ. ನೀರಿನ ಮೇಲೆ ತೇಲುವ ಥರ್ಮಾಕೋಲ್ ಹಲಗೆಯ ತೂತುಗಳಲ್ಲಿ ಉಪ್ಪಕ್ಕ ಬೀಜ ಹಾಕಿದಳು, ತಳಿಗೊಂದು ಸಾಲು, ಸಾಲಿಗೆ ಆರು ಗಿಡ. ಯಾವ ತಳಿಯಲ್ಲಿ ಚುರುಕು ಜೀನ್ ಇದೆ, ಯಾವುದರಲ್ಲಿ ಇಲ್ಲ ಎಂಬ ಪಟ್ಟಿ ಹಿಂದಿನ ವರ್ಷವೇ ತಯಾರಾಗಿತ್ತು. ಸಸಿ ನಾಲ್ಕೆಲೆ ಬಿಟ್ಟಾಗ ಉಪ್ಪು ಬೆರೆಸಿ, ನೀರಿನ ಉಪ್ಪಿನಂಶ ಅಳೆಯುವ ಮೀಟರ್ ಹನ್ನೆರಡು ತೋರಿಸುವಲ್ಲಿಗೆ ನಿಲ್ಲಿಸಿದಳು. ಎರಡು ವಾರ ಕಳೆಯುವಷ್ಟರಲ್ಲಿ ಚುರುಕು ಜೀನ್ ಇಲ್ಲದ ಸಾಲುಗಳೆಲ್ಲ ಒಣಹುಲ್ಲಾದವು. ನಲವತ್ತಮೂರನೇ ಸಾಲಿನಲ್ಲಿ ಮಾತ್ರ, ಪಟ್ಟಿಯಲ್ಲಿ 'ಇಲ್ಲ' ಎಂದಿದ್ದರೂ, ಆರಕ್ಕಾರೂ ಗಿಡಗಳು ತಲೆಯೆತ್ತಿಕೊಂಡು ನಿಂತಿದ್ದವು.

ಡಾಕ್ಟರಮ್ಮ ಪಟ್ಟಿ ನೋಡಿದಳು, ಗಿಡ ನೋಡಿದಳು. "ಅಕ್ಕಾ, ಬಿತ್ತುವಾಗ ಪೊಟ್ಟಣ ಅದಲುಬದಲಾಗಿರಬೇಕು. ಈ ಸಾಲು ಬಿಟ್ಟುಬಿಡೋಣ."

ಸಹಜವಾಗಿ ಆಡಿದ ಮಾತು. ಆದರೆ ಉಪ್ಪಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಕೈ ತೊಳೆದುಕೊಂಡು ಮನೆಗೆ ಹೊರಟಳು.

"ಮುಖ ಯಾಕೆ ಊದಿದೆ?" ಎಂದ ಗಂಡ, ಬಾಗಿಲು ತೆಗೆಯುತ್ತಲೇ. ಅವಳು ಹೇಳಿದಳು. ಅವನು ಸಾಕ್ಸ್ ಬಿಚ್ಚುತ್ತ ಕೇಳಿಸಿಕೊಂಡ. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಗಿಡ ಇನ್ನೂ ಅಲ್ಲೇ ಇದೆಯಲ್ಲ. ಅದನ್ನೇ ಕೇಳಿ ಅಂತ ಅವರಿಗೆ ಹೇಳು."

ಮರುದಿನ ಬೆಳಿಗ್ಗೆ ಡಾಕ್ಟರಮ್ಮನ ಮೇಜಿನ ಮೇಲೆ ಆರು ಪುಟ್ಟ ಕೊಳವೆಗಳಿದ್ದವು, ಒಂದೊಂದರಲ್ಲೂ ಬೆರಳುಗುರಿನಷ್ಟು ಎಲೆ. "ಆರೂ ಗಿಡದ್ದು. ಪೊಟ್ಟಣ ಬದಲಾಗಿದ್ರೆ ಇದರಲ್ಲಿ ಗೊತ್ತಾಗುತ್ತಲ್ಲ?" ಎಂದು ಹೇಳಿ ಉಪ್ಪಕ್ಕ ಹೊರಟೇಹೋದಳು.

ಮೂರನೇ ದಿನ ಡಾಕ್ಟರಮ್ಮ ತಾನೇ ಗ್ರೀನ್‌ಹೌಸಿಗೆ ಬಂದಳು. "ಇಲ್ಲ ಅಕ್ಕಾ. ಆರರಲ್ಲೂ ಚುರುಕು ಜೀನ್ ಇಲ್ಲ. ನೀವು ಬಿತ್ತಿದ್ದು ಸರಿಯಾಗೇ ಇದೆ. ನಾನು ದುಡುಕಿದೆ, ತಪ್ಪಾಯ್ತು."

"ಹೋಗ್ಲಿ ಬಿಡಿ." ಉಪ್ಪಕ್ಕನ ಮುಖ ಆಗಲೇ ಸಡಿಲವಾಗಿತ್ತು. "ಇಲ್ಲಿ ಬಗ್ಗಿ ನೋಡಿ. ನಾಲ್ಕು ದಿನದಿಂದ ಗಮನಿಸ್ತಿದ್ದೀನಿ. ಬೇರೆ ಗಿಡಗಳು ತುದಿಯಿಂದ ಬುಡದವರೆಗೂ ಒಟ್ಟಿಗೇ ಹೋಗ್ತವೆ. ಇದರದ್ದು ಕೆಳಗಿನ ಎರಡೆಲೆ ಮಾತ್ರ ಸತ್ತಿದೆ, ಮೇಲಿಂದು ಹಸಿರು. ಉಪ್ಪನ್ನೆಲ್ಲ ಹಳೇ ಎಲೆಗೇ ತುಂಬ್ತಿದೆ ಅಂತ ನನಗನ್ನಿಸುತ್ತೆ."

ಡಾಕ್ಟರಮ್ಮ ಮಂಡಿಯೂರಿ ಬಹಳ ಹೊತ್ತು ನೋಡಿದಳು. ಕೆಳಗಿನ ಎಲೆ, ಮೇಲಿನ ಎಲೆ ಬೇರೆಬೇರೆ ಒಣಗಿಸಿ, ಪುಡಿ ಮಾಡಿ ಅಳೆಸಿದಾಗ ಉಪ್ಪಕ್ಕ ಹೇಳಿದ್ದೇ ನಿಜವಾಯಿತು. ಕೆಳಗಿನ ಎಲೆಯಲ್ಲಿ ಸೋಡಿಯಂ ಮೇಲಿನದಕ್ಕಿಂತ ಒಂಬತ್ತು ಪಟ್ಟು. ಈ ತಳಿ ಉಪ್ಪನ್ನು ತಡೆಯುತ್ತಿರಲಿಲ್ಲ. ಹಳೆಯ ಎಲೆಗಳಲ್ಲಿ ಕೂಡಿಹಾಕಿ ಎಳೆಯದನ್ನು ಉಳಿಸಿಕೊಳ್ಳುತ್ತಿತ್ತು. ಅದನ್ನು ಮಾಡಿಸುವ ಜೀನ್ ಯಾವುದು ಎಂಬುದು ಯಾರಿಗೂ ತಿಳಿಯಲಿಲ್ಲ.

"ತಡೆಯೋದು ಒಂದು, ಕೂಡಿಡೋದು ಒಂದು. ಎರಡನ್ನೂ ಒಂದೇ ಗಿಡಕ್ಕೆ ತಂದ್ರೆ?" ಎಂದಳು ಡಾಕ್ಟರಮ್ಮ.

"ಸಂಬಂಧ ಬೆಳೆಸೋಣ ಬಿಡಿ," ಎಂದಳು ಉಪ್ಪಕ್ಕ.

ಆ ಕೆಲಸದಲ್ಲಿ ಅವಳ ಕೈ ಬಲು ನಾಜೂಕು. ನಲವತ್ತಮೂರರ ತೆನೆ ಹೊರಬಂದಾಗ ಒಂದೊಂದು ಹೂವಿನ ಸಿಪ್ಪೆಯ ತುದಿ ಕತ್ತರಿಸಿ, ಒಳಗಿನ ಆರೂ ಕೇಸರಗಳನ್ನು ಚಿಮಟದಿಂದ ಎಳೆದು ತೆಗೆದಳು. ಮರುದಿನ ಬಿಸಿಲೇರಿದ ಮೇಲೆ ಚುರುಕು ಜೀನಿನ ತಳಿಯ ತೆನೆಯನ್ನು ಅದರ ಮೇಲೆ ಹಿಡಿದು, ಪರಾಗ ಉದುರುವಂತೆ ಮೆಲ್ಲಗೆ ತಟ್ಟಿ, ಕಾಗದದ ಚೀಲ ತೊಡಿಸಿದಳು. ನಲವತ್ತು ಹೂವಿನಲ್ಲಿ ಹದಿನೇಳು ಕಾಳು ಕಟ್ಟಿತು. ಅವುಗಳ ಗಿಡ, ಆ ಗಿಡಗಳ ಬೀಜ ಎಂದು ಒಂದೂವರೆ ವರ್ಷ ಹೋಯಿತು. ಕೊನೆಗೆ ಮುನ್ನೂರು ಸಸಿಗಳ ತೊಟ್ಟಿಗೆ ಉಪ್ಪಕ್ಕ ಮೀಟರ್ ಹದಿನೆಂಟು ಮುಟ್ಟುವಷ್ಟು ಉಪ್ಪು ಸುರಿದಳು. ಪಕ್ಕದಲ್ಲೇ ಇದ್ದ ತಾಯಿ ತಂದೆ ಎರಡು ತಳಿಯೂ ಒರಗಿದವು. ಮಕ್ಕಳಲ್ಲಿ ಹತ್ತೊಂಬತ್ತು ಉಳಿದವು.

"ಉಪ್ಪು ತಿಂದವರು ನೀರು ಕುಡೀಬೇಕು ಅಂತಾರೆ," ಎಂದಳು ಉಪ್ಪಕ್ಕ. "ಇವು ಉಪ್ಪುನೀರನ್ನೇ ಕುಡಿದು ಅರಗಿಸ್ಕೊಂಡ್ವಲ್ಲ!"

ಡಾಕ್ಟರಮ್ಮ ನಕ್ಕಳು. "ಇಷ್ಟಕ್ಕೇ ಹಿಗ್ಗಬಾರದು ಅಕ್ಕಾ. ಸಸಿಯಾಗಿದ್ದಾಗ ತಾಳಿಕೊಂಡದ್ದು ಹೂವಿನ ಹೊತ್ತಿಗೆ ಸೋಲಬಹುದು. ಜೊಳ್ಳಾದ್ರೆ ಏನು ಬಂತು?"

ಹತ್ತೊಂಬತ್ತನ್ನೂ ಕುಂಡಗಳಿಗೆ ನೆಟ್ಟು ಉಪ್ಪುನೀರನ್ನೇ ಉಣಿಸಿದರು. ಹೂ ಬಂತು. ಹನ್ನೆರಡು ದಿನ ಬಿಟ್ಟು ಉಪ್ಪಕ್ಕ ಡಾಕ್ಟರಮ್ಮನನ್ನು ಕೂಗಿ ಕರೆದಳು. ಒಂದು ತೆನೆ ಬಗ್ಗಿಸಿ, ಹಸಿ ಕಾಳೊಂದನ್ನು ಉಗುರಿನ ನಡುವೆ ಇಟ್ಟು ಒತ್ತಿದಳು. ಬಿಳಿ ಹಾಲು ಚಿಮ್ಮಿ ಹೆಬ್ಬೆರಳ ಮೇಲೆ ನಿಂತಿತು. ಪಕ್ಕದ ಕುಂಡದ್ದು ಜೊಳ್ಳು. ಅದರಾಚೆಯದರಲ್ಲಿ ಮತ್ತೆ ಹಾಲು.

"ಒಟ್ಟು ಎಷ್ಟರಲ್ಲಿದೆ?" ಡಾಕ್ಟರಮ್ಮ ಕೇಳಿದಳು.

"ಏಳರಲ್ಲಿ. ಬನ್ನಿ, ನೀವೂ ಒತ್ತಿ ನೋಡಿ," ಎಂದು ಉಪ್ಪಕ್ಕ ತೆನೆಯನ್ನು ಅವಳತ್ತ ಬಾಗಿಸಿದಳು.