ಲೈನಿನವರು ಕೊಟ್ಟ ಸಾಕ್ಷಿ

ಚಿನ್ನದ ಗಣಿಯ ಊರಾದ ಕೋರಮಂಡಲ್‌ನಲ್ಲಿ, ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ, ಒಂದು ಪದ್ಧತಿಯಿದೆ. ಷರ್ಟು ಇನ್ ಮಾಡಿಕೊಂಡ ಯಾರಾದರೂ ಬಂದು 'ಇಂಥವನು ಹೇಗೆ?' ಎಂದು ವಿಚಾರಿಸಿದರೆ, ಪ್ರಶ್ನೆ ಮುಗಿಯುವ ಮೊದಲೇ ಇಡೀ ಸಾಲು 'ಚಿನ್ನದಂಥ ಹುಡುಗ' ಎಂದುಬಿಡುತ್ತದೆ. ಪೊಲೀಸರಿಗೆ ಹೆದರಿ ಹೆದರಿ ಬಂದ ಅಭ್ಯಾಸ ಅದು. ಅದರಿಂದಲೇ ಸೆಲ್ವರಾಜ ಪೇಚಿಗೆ ಸಿಕ್ಕಿಕೊಂಡ.

ಬಂಗಾರಪೇಟೆಯ ಪಾರ್ಸೆಲ್ ಗೋಡೌನಿಗೆ ವ್ಯಾನ್ ಡ್ರೈವರ್ ಬೇಕಾಗಿತ್ತು. ತರಕಾರಿ ಟೆಂಪೊ ಓಡಿಸುತ್ತಿದ್ದ ಸೆಲ್ವರಾಜನಿಗೆ, ಮಾಲೀಕ ಗಾಡಿ ಮಾರಿದ ಮೇಲೆ, ಈ ಕೆಲಸ ಬೇಕೇ ಬೇಕಿತ್ತು. ಆದರೂ ಇಂಟರ್‌ವ್ಯೂನಲ್ಲಿ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿದ ಗಣಿಗೆ ಇಳಿದು ತಾಮ್ರದ ಕೇಬಲ್ ಎಳೆದದ್ದನ್ನೂ, ಎಂಟು ತಿಂಗಳು ಜೈಲಿನಲ್ಲಿದ್ದದ್ದನ್ನೂ ಹೇಳಿದ. ಅಜ್ಜ ಧೂಳು ಕುಡಿದು ಸತ್ತ ಗಣಿ, ಅದರ ಕೇಬಲ್ ಯಾರದ್ದೂ ಅಲ್ಲ ಎಂದುಕೊಂಡಿದ್ದ, ಕೋರ್ಟು ಹಾಗೆಂದುಕೊಳ್ಳಲಿಲ್ಲ. ಬಿಡುಗಡೆಯಾಗಿ ಆರು ವರ್ಷವಾಗಿತ್ತು. ಮ್ಯಾನೇಜರ್ ನಾಗೇಶ್ 'ನೋಡೋಣ' ಎಂದು, ವಿಚಾರಿಸಿ ಬರಲು ಲೈನಿಗೆ ಒಬ್ಬನನ್ನು ಕಳಿಸಿದ.

ಅವನ ಕೈಗೆ ಮೊದಲು ಸಿಕ್ಕಿದ್ದು ಪಕ್ಕದ ಮನೆಯ ಪೆದ್ದಮ್ಮ.

"ಜೈಲಾ? ನಮ್ ಸೆಲ್ವನಾ? ಪೋಲೀಸ್ ಟೇಸನ್ ಮೆಟ್ಲು ಕೂಡ ಅತ್ತಿಲ್ಲ ಕಣಪ್ಪಾ!"

"ಮತ್ತೆ ಆ ಎಂಟು ತಿಂಗಳು ಎಲ್ಲಿದ್ದ?"

"ತಿರುಪತ್ತೂರ್‌ನಾಗೆ, ಅವ್ರ ಮಾವನ ಮನೇಲಿ."

ಸುತ್ತ ನಿಂತವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಸೆಲ್ವರಾಜನಿಗೆ ಮಾವನೇ ಇಲ್ಲ.

ಸಂಜೆ ಪೆದ್ದಮ್ಮ ಹೆಮ್ಮೆಯಿಂದ ಇದನ್ನೆಲ್ಲ ಒಪ್ಪಿಸಿದಾಗ ಅವನು ತಲೆಯ ಮೇಲೆ ಕೈಹೊತ್ತು ಕೂತ. "ಅಯ್ಯೋ ಪೆದ್ದಮ್ಮ, ನಾನು ನಿಜ ಏಳಿ ಬಂದಿದ್ನಲ್ಲ! ಈಗ ಯಾರನ್ನ ನಂಬ್ತಾರೆ?"

"ಸುಳ್ಳೇಳಿದ್ದು ನಾನು ತಾನೇ? ನಾಳೆ ನಾನೇ ಬತ್ತೀನಿ, ನಡಿ," ಎಂದಳು ಮುದುಕಿ. ಬೆಳಗಿನ ರೈಲಿಗೆ ಇಬ್ಬರೂ ಬಂಗಾರಪೇಟೆಗೆ ಹೋದರು.

ನಾಗೇಶ್ ನಗುತ್ತಲೇ ಬರಮಾಡಿಕೊಂಡ. "ನಿಮ್ಮ ಲೈನಿನವರು ನಿನ್ನನ್ನ ಕಾಪಾಡಿದ್ರು ಕಣಯ್ಯಾ. ರಿಪೋರ್ಟ್ ಕ್ಲೀನ್ ಆಗಿದೆ. ನೀನು ಹೇಳಿದ್ದನ್ನ ನಾನು ಕೇಳಿಸಿಕೊಂಡೇ ಇಲ್ಲ ಅಂದ್ಕೊ. ಯಾವ ಕೇಸೂ ಇಲ್ಲ ಅಂತ ಈ ಫಾರಂಗೆ ಸೈನ್ ಹಾಕು, ಸೋಮವಾರ ಬಾ."

ತಪ್ಪೊಪ್ಪಿಕೊಳ್ಳಲು ಬಂದಿದ್ದ ಪೆದ್ದಮ್ಮ ಆ ಮಾತು ಕೇಳಿದ್ದೇ ಪ್ಲೇಟು ಬದಲಾಯಿಸಿದಳು. ಮೊಣಕೈಯಿಂದ ತಿವಿದು, "ಆಕ್ಲಾ ಸೈನು," ಎಂದು ಪಿಸುಗುಟ್ಟಿದಳು.

ಸೆಲ್ವರಾಜ ಪೆನ್ನು ಎತ್ತಿಕೊಂಡ. ಆಸೆ ಯಾರಿಗಿಲ್ಲ? ಆದರೆ ನಾಳೆ ಯಾವನೋ ಒಬ್ಬ ಗುರುತು ಹಿಡಿಯುತ್ತಾನೆ. ಆಗ ಈ ನಗುವ ಮನುಷ್ಯನೇ ಸುಳ್ಳುಗಾರ ಎಂದು ಕತ್ತು ಹಿಡಿದು ಆಚೆ ಹಾಕುತ್ತಾನೆ. ಅಲ್ಲಿಯವರೆಗೆ ದಿನವೂ ಹೆದರಿಕೊಂಡೇ ವ್ಯಾನ್ ಓಡಿಸಬೇಕು. ಪೆನ್ನು ಕೆಳಗಿಟ್ಟ.

"ಕದ್ದೋನೂ ನಾನೇ ಸಾರ್, ಜೈಲಿಗೋದೋನೂ ನಾನೇ, ಗಾಡಿ ಓಡ್ಸೋನೂ ನಾನೇ. ತಗಂಡ್ರೆ ಮೂರು ಜನಾನೂ ಒಟ್ಟಿಗೇ ತಗಳಿ."

ನಾಗೇಶನ ನಗು ಆರಿತು. "ಹಾಗಾದ್ರೆ ಆಗಲ್ಲ. ಜೈಲಿಗೆ ಹೋದವರನ್ನ ನಾವು ತಗೊಳ್ಳಲ್ಲ."

"ಅಂಗಂತ ಕಾನೂನೈತಾ?"

"ಕಂಪನಿ ರೂಲ್ಸ್."

ಪೆದ್ದಮ್ಮ ಸೆಲ್ವರಾಜನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಬರ್ಕಳಪ್ಪಾ. ಇವ್ನು ಜೈಲಲ್ಲಿದ್ದ. ನಾನೇ ಓಗಿ ನೋಡ್ಕಂಡ್ ಬತ್ತಿದ್ದೆ. ಬಂದ್ಮ್ಯಾಕೆ ಯಾರ ಸೊತ್ತೂ ಮುಟ್ಟಿಲ್ಲ. ಇದು ಸುಳ್ಳಲ್ಲ."

"ಅಮ್ಮಾ, ನನ್ನ ಕೈಲಿ ಏನೂ ಇಲ್ಲ."

"ಜಡ್ಜು ಸಾಯೇಬ್ರು ಎಂಟು ತಿಂಗ್ಳು ಅಂದ್ರು," ಎಂದ ಸೆಲ್ವರಾಜ. ದನಿ ಏರಿತ್ತು. "ಮುಗಿಸ್ದೆ, ಬಿಟ್ರು. ನೀವು ಎಷ್ಟು ವರ್ಷ ಅಂತೀರಾ ಸಾರ್? ಅದನ್ನ ಬರ್ದು ಸೈನ್ ಆಕಿ ಕೊಡಿ, ತಗಂಡೋಗ್ತೀನಿ."

ನಾಗೇಶ್ ಫೋನ್ ಎತ್ತಿಕೊಂಡ. ಯಾರಿಗೆ ಮಾಡುವುದೆಂದು ತಿಳಿಯದೆ ಮತ್ತೆ ಕೆಳಗಿಟ್ಟ. ಸೆಲ್ವರಾಜ ಪೆದ್ದಮ್ಮನಿಗೊಂದು ಕುರ್ಚಿ ಎಳೆದುಕೊಟ್ಟು, ಬರೆದುಕೊಡುವವರೆಗೆ ಏಳುವುದಿಲ್ಲವೆಂಬಂತೆ ತಾನೂ ಒಂದರಲ್ಲಿ ಕೂತ.